ಒಂದು ಹಲ್ಲಿನ ಲೆಕ್ಕ

ನಮ್ಮ ಮನೆಗೆ ಬಂದವರೆಲ್ಲ ಒಂದಲ್ಲ ಒಂದು ಸಲ ಕೇಳುತ್ತಾರೆ, "ಇದೇನು, ಬಾಗಿಲಿಗೆ ಅಡ್ಡ ಇಟ್ಟಿದ್ದೀರಲ್ಲ?" ಎಂದು. ಬಾಲ್ಕನಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ನಾವು ಇಟ್ಟಿರುವುದು ಕಲ್ಲಲ್ಲ, ಮರದ ತುಂಡೂ ಅಲ್ಲ. ಅದೊಂದು ಉಕ್ಕಿನ ಪಿನಿಯನ್. ಗಿಡ್ಡ ದಂಡದ ತುದಿಯಲ್ಲಿ ಓರೆಯಾಗಿ ತಿರುಚಿಕೊಂಡ ಹಲ್ಲುಗಳು. ಎಣಿಸಿದರೆ ಒಂಬತ್ತು. ಅದರಲ್ಲಿ ಒಂದರ ಮೂಲೆ ಮುರಿದಿದೆ. ಆ ಒಂಬತ್ತು ಹಲ್ಲು ಹತ್ತಾಗಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ನಮ್ಮದು 1986ರ ಟೊಯೊಟಾ ಲ್ಯಾಂಡ್ ಕ್ರೂಸರ್. 60 ಸರಣಿ ಎನ್ನುತ್ತಾರೆ. 1980ರಿಂದ 1990ರವರೆಗೆ ಬಂದ ಮಾದರಿ. ಮಸ್ಕತ್ ಬಿಟ್ಟು ಊರಿಗೆ ಹೊರಟಿದ್ದ ಪರಿಚಯದವರೊಬ್ಬರು ಹೋಗುವ ಮುಂಚೆ ನಮಗೆ ಮಾರಿದ್ದು. ಎ.ಸಿ. ಒಂದು ದಿನ ನಡೆದರೆ ಎರಡು ದಿನ ರಜೆ. ಮಕ್ಕಳಿಗೆ ಮಾತ್ರ ಅದೆಂದರೆ ಪ್ರಾಣ. ಮನೆಯಲ್ಲಿ ಗಾಡಿ ಓಡಿಸುವವರು ಒಬ್ಬರು, ಅದರ ಖರ್ಚು ಬರೆದಿಡುವವರು ಇನ್ನೊಬ್ಬರು. ಜಗಳ ಬಂದಾಗ ಇಬ್ಬರೂ ಒಂದೇ ಕಡೆ ಇರುವುದು ಅಪರೂಪ. ಈ ಕಥೆಯಲ್ಲಿ ಮಾತ್ರ ತಪ್ಪು ಇಬ್ಬರದೂ ಆದ್ದರಿಂದ ಕೊನೆಯವರೆಗೂ "ನಾವು" ಎಂದೇ ಬರೆಯುತ್ತೇವೆ.

2022ರ ಸೆಪ್ಟೆಂಬರಿನಲ್ಲಿ ಹಿಂದಿನ ಎಡಗಾಲಿಯಿಂದ ಗುಂಯ್ ಎಂಬ ಸದ್ದು ಶುರುವಾಯಿತು. ನಾಳೆ ನೋಡೋಣ, ನಾಡಿದ್ದು ನೋಡೋಣ ಎನ್ನುತ್ತ ಮೂರು ವಾರ ಓಡಿಸಿದೆವು. ಕೊನೆಗೆ ಬೇರಿಂಗ್ ಕಚ್ಚಿಕೊಂಡು ಶಾಫ್ಟನ್ನೂ ಕೊರೆದು, ಆಕ್ಸಲ್ ಹೌಸಿಂಗಿನ ತುದಿಯನ್ನೂ ತಿಂದುಹಾಕಿತ್ತು. ವಾದಿ ಕಬೀರಿನ ಕೈಗಾರಿಕಾ ಪ್ರದೇಶದಲ್ಲಿ ನಾವು ಯಾವಾಗಲೂ ಹೋಗುವ ಒಂದು ಚಿಕ್ಕ ಗ್ಯಾರೇಜು ಇದೆ. ಅದನ್ನು ನಡೆಸುವವರು ಬಂಟ್ವಾಳದ ಕಡೆಯವರು. ಪಾಕಿಸ್ತಾನದವರು, ಒಮಾನಿಗಳು, ಮಲಯಾಳಿಗಳು ಎಲ್ಲರೂ ಅವರನ್ನು ಉಸ್ತಾದ್ ಎಂದು ಕರೆಯುವುದರಿಂದ ನಮಗೂ ಅವರು ಉಸ್ತಾದರೇ. ಅವರು ಬೆರಳಿನಿಂದ ಹೌಸಿಂಗಿನ ತುದಿ ಸವರಿ, "ಇದು ಇನ್ನು ಬೇರಿಂಗ್ ಹಿಡಿಯುದಿಲ್ಲ ಸಾರ್. ಹೊಸತಿಗೆ ಹೋದ್ರೆ ಗಾಡಿಯ ಕ್ರಯವೇ ಆಗ್ತದೆ. ಗುಜರಿಯಿಂದ ಇಡೀ ಆಕ್ಸಲ್ ತರುವ" ಎಂದರು.

ಗುಜರಿ ಅಂಗಳದಲ್ಲಿ ಅದೇ 60 ಸರಣಿಯ ಒಂದು ಹಿಂಬದಿ ಆಕ್ಸಲ್ ಸಿಕ್ಕಿತು. ಅಗಲ ಅದೇ, ಕಮಾನುಪಟ್ಟಿ ಕೂರುವ ಜಾಗ ಅದೇ, ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ ನಾಲ್ಕು ಬೋಲ್ಟು, ಅದೂ ಅದೇ. ಚೌಕಾಶಿ ಮಾಡಿ 70 ರಿಯಾಲಿಗೆ ತಂದೆವು. ಉಸ್ತಾದ್ ಅದನ್ನು ಒಂದು ಸುತ್ತು ನೋಡಿ, "ಒಂದು ದಿನ ಗಾಡಿ ಇಲ್ಲೇ ಇರ್ಲಿ. ಒಳಗೆ ಬಿಚ್ಚಿ ನೋಡಿ ಕೂರಿಸ್ತೇನೆ" ಎಂದರು. ನಾವು ಒಪ್ಪಲಿಲ್ಲ. ಬೆಳಿಗ್ಗೆ ಶಾಲೆ ಇದೆ, ಟ್ಯಾಕ್ಸಿಗೆ ದುಡ್ಡು ದಂಡ, ಹೊರಗಿನಿಂದ ಎರಡೂ ಅವಳಿ ಮಕ್ಕಳ ಹಾಗಿವೆಯಲ್ಲ, ಬಿಚ್ಚಿ ನೋಡುವುದೇನು ಎಂದೆವು. ಪಾಪ, ಗಿರಾಕಿ ಹೀಗೆ ಹಟ ಹಿಡಿದರೆ ಅವರಾದರೂ ಏನು ಮಾಡಿಯಾರು? ರಾತ್ರಿ ಹತ್ತರೊಳಗೆ ಯು-ಬೋಲ್ಟ್ ಬಿಗಿದು, ಬ್ರೇಕ್ ಪೈಪ್ ಸೇರಿಸಿ, ಗಾಳಿ ತೆಗೆದು, ಎಣ್ಣೆ ತುಂಬಿ ಕೈಗೆ ಕೊಟ್ಟರು. ಹಳೆಯ ಆಕ್ಸಲನ್ನು ಅಲ್ಲೇ ಬಿಟ್ಟು ಬಂದೆವು.

ಗಾಡಿ ನಯವಾಗಿ ಓಡಿತು. ಸದ್ದಿಲ್ಲ, ನಡುಕವಿಲ್ಲ. ಅಷ್ಟೇ ಅಲ್ಲ, ಮೈಲೇಜ್ ಕೂಡ ಹೆಚ್ಚಾಯಿತು! ತಿಂಗಳ ಕೊನೆಗೆ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಅಷ್ಟೇ ಪೆಟ್ರೋಲಿಗೆ ಹತ್ತರಲ್ಲಿ ಒಂದು ಪಾಲು ಹೆಚ್ಚು ಕಿಲೋಮೀಟರ್. "70 ರಿಯಾಲು ಬಡ್ಡಿ ಸಮೇತ ವಾಪಸ್ಸು ಬರುತ್ತಿದೆ" ಎಂದು ಪಕ್ಕದ ಮನೆಯವರ ಮುಂದೆ ಹೇಳಿಕೊಂಡದ್ದೂ ಉಂಟು. ಹೆದ್ದಾರಿಯಲ್ಲಿ ಮಾತ್ರ ಎಲ್ಲರೂ ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮುಳ್ಳು ನೂರು ತೋರಿಸುತ್ತಿರುವಾಗ ನೀರಿನ ಟ್ಯಾಂಕರ್ ಕೂಡ ಪಕ್ಕದಿಂದ ಹೋದರೆ ಏನೆನ್ನಬೇಕು? ಜನರಿಗೆ ಈಗೀಗ ತಾಳ್ಮೆಯೇ ಇಲ್ಲ ಎಂದುಕೊಂಡೆವು.

ಮೊದಲು ಅನುಮಾನಪಟ್ಟವಳು ನಮ್ಮ ದೊಡ್ಡ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ದಾರಿಯಲ್ಲಿ ಬೋರ್ಡು ಕಂಡಾಗ ಮೀಟರಿನ ಅಂಕಿ ಬರೆದುಕೊಂಡು, ಊರು ತಲುಪಿದಾಗ ಕಳೆದು ನೋಡುವುದು ಅವಳ ಆಟ. "ನಿಜ್ವಾ 90" ಎಂಬ ಬೋರ್ಡಿನಿಂದ ಲೆಕ್ಕ ಹಿಡಿದಿದ್ದಳು. ನಿಜ್ವಾ ಕೋಟೆಯ ಮುಂದೆ ಗಾಡಿ ನಿಲ್ಲಿಸಿದಾಗ, "ಅಪ್ಪ, ನಾವು 100 ಕಿಲೋಮೀಟರ್ ಬಂದಿದ್ದೇವೆ" ಎಂದಳು. ನೀನು ತಪ್ಪು ಬರೆದಿರಬೇಕು ಎಂದೆವು. ತಪ್ಪು ಬರೆದಿಲ್ಲ ಎಂದಳು. ಹಾಗಾದರೆ ಮೀಟರು ಮುದಿಯಾಗಿದೆ ಎಂದು ಮಾತು ಮುಗಿಸಿದೆವು. ತರಗತಿಯಲ್ಲಿ ಪ್ರಶ್ನೆ ಕೇಳಿದ ಮಗುವಿಗೆ ಹೀಗೆ ಉತ್ತರ ಕೊಟ್ಟರೆ ನಮಗೇ ನಾಚಿಕೆಯಾಗುತ್ತಿತ್ತು.

ಡಿಸೆಂಬರ್ ರಜೆಯಲ್ಲಿ ಅಲ್ ಹಮ್ರಾದಿಂದ ಬೆಟ್ಟ ಹತ್ತಿ ಶರಫತ್ ಅಲ್ ಅಲಮೈನ್ ತಲುಪಿದೆವು. ಸುಮಾರು 2000 ಮೀಟರ್ ಎತ್ತರ. ಅಲ್ಲಿಯವರೆಗೆ ಡಾಂಬರು. ಆಚೆ ಕಡೆ ಹಾತ್, ಬಿಲಾದ್ ಸೈತ್ ಹಳ್ಳಿಗಳ ಮೇಲಿಂದ ವಾದಿ ಬನಿ ಔಫ್ ಕಣಿವೆಗೆ ಇಳಿದು ರುಸ್ತಾಕ್ ಕಡೆ ಹೋಗುವ ದಾರಿ. ನಾವು ಹೋದಾಗ ಅದು ಬರೀ ಕಲ್ಲು ಜಲ್ಲಿಯ ಕಚ್ಚಾ ದಾರಿ. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಮೇಲೆಯೇ ಗಾಡಿ ನಿಲ್ಲಿಸಿ, ಮುಂದಿನ ಎರಡೂ ಗಾಲಿಗಳ ಹಬ್ ತಿರುಗಿಸಿ ಲಾಕ್ ಮಾಡಿ, ಸಣ್ಣ ಗೇರಿನ ಲಿವರ್ ಎಳೆದು ಫೋರ್ ವೀಲ್ ಲೋ ಹಾಕಿದೆವು. ಹೊಸ ಆಕ್ಸಲ್ ಬಂದ ಮೇಲೆ ಫೋರ್ ವೀಲ್ ಹಾಕಿದ್ದು ಅದೇ ಮೊದಲು.

ಹತ್ತು ಗಜ ಹೋಗುವಷ್ಟರಲ್ಲೇ ಸ್ಟೀರಿಂಗ್ ಕಲ್ಲಿನಂತಾಯಿತು. ಗಾಡಿ ಒಂದೇ ಸಮನೆ ಇಳಿಯುತ್ತಿರಲಿಲ್ಲ. ಯಾರೋ ಹಿಂದಿನಿಂದ ಹಿಡಿದು ಎಳೆದು ಬಿಟ್ಟ ಹಾಗೆ ತಡೆದು ತಡೆದು ಹೋಗುತ್ತಿತ್ತು. ಕೆಳಗಿನಿಂದ ಆಗಾಗ ಠಣ್ ಎಂಬ ಸದ್ದು. ಜಲ್ಲಿ ಹೆಚ್ಚಿದೆ, ಹಾಗಾಗಿ ಎಂದುಕೊಂಡೆವು. ಎರಡನೆಯದೋ ಮೂರನೆಯದೋ ತಿರುವು. ಗಾಡಿಯ ಮೂತಿ ಬಂಡೆಯ ಕಡೆ ತಿರುಗಿತು. ಹಿಂಭಾಗ ಮಾತ್ರ ತಿರುಗದೆ ಪ್ರಪಾತದ ಕಡೆಗೆ ಮೆಲ್ಲನೆ, ಬಹಳ ಮೆಲ್ಲನೆ ಜಾರತೊಡಗಿತು. ವೇಗವಿರಲಿಲ್ಲ. ಮನುಷ್ಯ ನಡೆಯುವಷ್ಟು ವೇಗ. ಆದರೂ ಅದು ನಿಂತಾಗ ಹಿಂದಿನ ಬಲಗಾಲಿಗೂ ಅಂಚಿಗೂ ನಡುವೆ ಉಳಿದದ್ದು ಒಂದು ಮೊಳ. ಚಿಕ್ಕವನು ಹಿಂದಿನ ಸೀಟಿನಲ್ಲಿ ಬಲಬದಿಗೆ ಕುಳಿತಿದ್ದ. ಕಿಟಕಿಯಿಂದ ಕೆಳಗೆ ನೋಡಿ, "ಅಮ್ಮ, ನೆಲ ಇಲ್ಲ" ಎಂದ.

ಮಕ್ಕಳನ್ನು ಬಂಡೆಯ ಬದಿಯ ಬಾಗಿಲಿನಿಂದ ಇಳಿಸಿದೆವು. ಕೈ ನಡುಗುತ್ತಿತ್ತು. ಆ ಹೊತ್ತಿಗೆ ಕೆಳಗಿನ ಹಳ್ಳಿಯ ಕಡೆಯಿಂದ ಒಂದು ಪಿಕಪ್ ಬಂತು. ಓಡಿಸುತ್ತಿದ್ದ ವಯಸ್ಸಾದ ಒಮಾನಿ ಇಳಿದು ಸಲಾಂ ಹೇಳಿ, ನಮ್ಮನ್ನು ನೋಡಲಿಲ್ಲ, ಗಾಡಿಯನ್ನೂ ನೋಡಲಿಲ್ಲ. ಹಿಂದೆ ಹೋಗಿ ನಾವು ಇಳಿದ ದಾರಿಯ ಮೇಲಿನ ಗುರುತು ನೋಡಿದರು. ಮುಂದಿನ ಗಾಲಿಯ ಅಚ್ಚು ಸ್ಪಷ್ಟವಾಗಿ ಬಿದ್ದಿತ್ತು. ಹಿಂದಿನ ಗಾಲಿಯದು ಅಚ್ಚಲ್ಲ, ಗೀಚು. ನೇಗಿಲು ಎಳೆದಂತೆ. ಅವರ ಅರಬ್ಬಿ ನಮಗೆ ಅರ್ಧ ತಿಳಿಯಿತು, ಕೈಸನ್ನೆ ಪೂರ್ತಿ ತಿಳಿಯಿತು. ಗಾಲಿಗಳಿಗೆ ಕಲ್ಲು ಕೊಟ್ಟು, ಸ್ಟೀರಿಂಗ್ ನೇರ ಮಾಡಿಸಿ, ಸ್ವಲ್ಪ ಹಿಂದಕ್ಕೆ ತೆಗೆಸಿದರು. ಕೆಳಗಿನಿಂದ ಜೋರಾಗಿ ಒಂದು ಸದ್ದು ಬಂತು; ಬಿಗಿದುಕೊಂಡದ್ದು ಸಡಿಲವಾಯಿತು. ಆಮೇಲೆ ತಾವೇ ಮುಂದಿನ ಹಬ್ ಎರಡನ್ನೂ ಫ್ರೀ ಮಾಡಿದರು, ಲಿವರನ್ನು ಮಾತ್ರ ಲೋನಲ್ಲೇ ಇರಿಸಿದರು. ಹಾಗೆ ಮಾಡಿದರೆ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಮಾತ್ರ ಸಿಗುತ್ತದೆ, ಆದರೆ ಲೋ ಗೇರಿನ ಶಕ್ತಿ ಹಾಗೇ ಇರುತ್ತದೆ. ಈ ಉಪಾಯ ನಮಗೆ ಅದುವರೆಗೆ ಗೊತ್ತಿರಲಿಲ್ಲ. ಮಕ್ಕಳು ಅವರ ಪಿಕಪ್ಪಿನಲ್ಲಿ ಮುಂದೆ, ನಾವು ಹಿಂದೆ, ವಾಪಸ್ಸು ಡಾಂಬರಿನವರೆಗೆ ಹತ್ತಿದೆವು. ಮೇಲೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಖರ್ಜೂರ ಕೊಟ್ಟು, ಹೆಸರು ಹೇಳದೆ ಹೊರಟುಹೋದರು.

ಮಸ್ಕತ್ತಿಗೆ ಬರುವ ದಾರಿಯುದ್ದಕ್ಕೂ ಉಸ್ತಾದರ ಮೇಲೆ ಸಿಟ್ಟು. ಫೋನಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವರು ಎದುರುತ್ತರ ಕೊಡಲಿಲ್ಲ. "ಮಕ್ಕಳಿಗೆ ಎಂತ ಆಗ್ಲಿಲ್ಲ ಅಲ್ಲ?" ಎಂದು ಮೂರು ಸಲ ಕೇಳಿ, ನಾಳೆ ಗಾಡಿ ತನ್ನಿ ಎಂದರು.

ಮರುದಿನ ಅವರು ಮಾಡಿದ್ದನ್ನು ನೀವೂ ಮಾಡಿ ನೋಡಬಹುದು ಮಕ್ಕಳೇ, ದೊಡ್ಡವರು ಜೊತೆಗಿದ್ದರೆ ಮಾತ್ರ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ನೆಲದ ಗಾಲಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜಾಕಿಯಲ್ಲಿ ಎತ್ತಿದರು. ಗಾಲಿಯ ಮೇಲೊಂದು, ಪ್ರೊಪೆಲ್ಲರ್ ಶಾಫ್ಟಿನ ಮೇಲೊಂದು ಸೀಮೆಸುಣ್ಣದ ಗುರುತು. ಒಂದು ಗಾಲಿ ನೆಲದಲ್ಲಿದ್ದರೆ ಡಿಫರೆನ್ಷಿಯಲ್ ತನ್ನ ತಿರುಗುವಿಕೆಯನ್ನೆಲ್ಲ ಎತ್ತಿದ ಗಾಲಿಗೇ ಕೊಡುತ್ತದೆ. ಆದ್ದರಿಂದ ಎತ್ತಿದ ಗಾಲಿಯ ಎರಡು ಸುತ್ತು ನಿಜವಾದ ಒಂದು ಸುತ್ತಿಗೆ ಸಮ. ಮಗಳು ಗಾಲಿಯನ್ನು 20 ಸುತ್ತು ತಿರುಗಿಸಿದಳು. ಮಗ ಹೊಟ್ಟೆಯ ಮೇಲೆ ಮಲಗಿ ಶಾಫ್ಟಿನ ಸುತ್ತು ಎಣಿಸಿದ. ನಲವತ್ತೊಂದು, ಮೇಲೆ ಸ್ವಲ್ಪ. ಆಮೇಲೆ ಮುಂದಿನ ಗಾಲಿಗೂ ಹಾಗೆಯೇ, ಹಬ್ ಲಾಕ್ ಮಾಡಿ. ಮೂವತ್ತೇಳು.

ಉಸ್ತಾದ್ ಇನ್ನೊಂದು ಸಲ ಎಣಿಸಿ ಎಂದರು. ಎಣಿಸಿದೆವು. ನಲವತ್ತೊಂದು, ಮೂವತ್ತೇಳು. ಅವರ ಮುಖ ಸಣ್ಣದಾಯಿತು.

ವಿಷಯ ಇಷ್ಟು. ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಚಿಕ್ಕ ಪಿನಿಯನ್; ಅದು ತಿರುಗಿಸುವುದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು. ನಮ್ಮ ಗಾಡಿಯ ಮೂಲ ಆಕ್ಸಲ್‌ಗಳಲ್ಲಿ ಕ್ರೌನಿಗೆ 37 ಹಲ್ಲು, ಪಿನಿಯನ್ನಿಗೆ 10. ಭಾಗಿಸಿದರೆ 3.70. ಅದೇ 60 ಸರಣಿಯ ಬೇರೆ ಕೆಲವು ಗಾಡಿಗಳಲ್ಲಿ ಕ್ರೌನಿಗೆ 37, ಪಿನಿಯನ್ನಿಗೆ 9. ಅಂದರೆ 4.11. ಗುಜರಿಯಿಂದ ನಾವು ತಂದದ್ದು ಈ ಎರಡನೆಯ ಜಾತಿಯದು. ಯಾವ ಗಾಡಿಗೆ ಯಾವ ಆಕ್ಸಲ್ ಎಂಬ ಸಂಕೇತವನ್ನು ಗಾಡಿಯ ಫಲಕದಲ್ಲಿ ಒತ್ತಿರುತ್ತಾರೆ. ಆದರೆ ಫಲಕ ಇರುವುದು ಗಾಡಿಯ ಮೈಮೇಲೆ; ಗುಜರಿಯಲ್ಲಿ ಆಕ್ಸಲ್ ಒಂದು ಕಡೆ, ಮೈ ಇನ್ನೊಂದು ಕಡೆ. (37 ಅವಿಭಾಜ್ಯ ಸಂಖ್ಯೆ ಎಂಬುದನ್ನು ಗಣಿತದ ಮಕ್ಕಳು ಗಮನಿಸಿರಬಹುದು. ಪಿನಿಯನ್ನಿನ ಒಂದೊಂದು ಹಲ್ಲೂ ಕ್ರೌನಿನ ಎಲ್ಲ ಹಲ್ಲುಗಳನ್ನೂ ಸರದಿಯ ಮೇಲೆ ಭೇಟಿಯಾಗುತ್ತದೆ. ಹಾಗಾಗಿ ಸವೆತ ಒಂದೇ ಕಡೆ ಬೀಳದೆ ಎಲ್ಲಕ್ಕೂ ಹಂಚಿಹೋಗುತ್ತದೆ.)

ಒಂದು ಹಲ್ಲಿನಿಂದ ಆಗುವುದೇನು? ನಮ್ಮ ಗಾಲಿಯ ಸುತ್ತಳತೆ ಸುಮಾರು ಎರಡೂವರೆ ಮೀಟರ್. ಒಂದು ಕಿಲೋಮೀಟರಿಗೆ 400 ಸುತ್ತು. 3.70 ಆದರೆ ಶಾಫ್ಟ್ 1480 ಸುತ್ತಬೇಕು, 4.11 ಆದರೆ 1644. ಹಿಂದಿನ ಗಾಲಿ ಮಾತ್ರ ಎಳೆಯುವಾಗ ಮುಂದಿನ ಶಾಫ್ಟಿನ ಗೊಡವೆ ಯಾರಿಗೂ ಇಲ್ಲ, ಗಾಡಿ ಸುಖವಾಗಿ ಓಡುತ್ತದೆ. ಫೋರ್ ವೀಲ್ ಹಾಕಿದೊಡನೆ ಟ್ರಾನ್ಸ್‌ಫರ್ ಕೇಸ್ ಎರಡೂ ಶಾಫ್ಟುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಈ ಗಾಡಿಯಲ್ಲಿ ಅವೆರಡರ ನಡುವೆ ಡಿಫರೆನ್ಷಿಯಲ್ ಇಲ್ಲ. ಎರಡೂ 1480 ಸುತ್ತಿದರೆ ಮುಂದಿನ ಗಾಲಿ 1000 ಮೀಟರ್ ಹೋಗುತ್ತದೆ, ಹಿಂದಿನದು 900. ಒಂದೇ ನೊಗಕ್ಕೆ ಕುದುರೆಯನ್ನೂ ಎಮ್ಮೆಯನ್ನೂ ಹೂಡಿದಂತೆ. ಉಳಿದ 100 ಮೀಟರನ್ನು ಯಾವುದೋ ಒಂದು ಗಾಲಿ ನೆಲ ಗೀಚಿಕೊಂಡು ತುಂಬಿಕೊಡಬೇಕು. ಇಳಿಜಾರಿನಲ್ಲಿ ಭಾರ ಮುಂದಿನ ಗಾಲಿಗಳ ಮೇಲೆ ಬೀಳುವುದರಿಂದ ಅವು ನೆಲ ಕಚ್ಚಿ ಹಿಡಿಯುತ್ತವೆ, ಜಾರುವುದು ಹಿಂದಿನವು. ಜಾರುವ ಗಾಲಿಗೆ ಅಡ್ಡಕ್ಕೆ ಹಿಡಿತವಿಲ್ಲ. ಅಂದು ತಿರುವಿನಲ್ಲಿ ಗಾಡಿಯ ಹಿಂಭಾಗ ಅಂಚಿಗೆ ಸರಿದದ್ದು ಹಾಗೆ.

ಮೀಟರಿನ ರಹಸ್ಯವೂ ಇದೇ. ಈ ಗಾಡಿಯಲ್ಲಿ ಮೀಟರಿಗೆ ಲೆಕ್ಕ ಹೋಗುವುದು ಗಾಲಿಯಿಂದಲ್ಲ, ಟ್ರಾನ್ಸ್‌ಫರ್ ಕೇಸಿನಿಂದ ಹಿಂದಿನ ಶಾಫ್ಟಿಗೆ ಹೋಗುವ ತಿರುಗುವಿಕೆಯಿಂದ. ಶಾಫ್ಟ್ ಹೆಚ್ಚು ಸುತ್ತಿದರೆ ಮೀಟರ್ ಹೆಚ್ಚು ತೋರಿಸುತ್ತದೆ. 90ಕ್ಕೆ 100. ಮಗಳ ಲೆಕ್ಕ ಸರಿಯಾಗಿತ್ತು, ಬೋರ್ಡೂ ಸರಿಯಾಗಿತ್ತು. ಟ್ಯಾಂಕರಿನವನ ತಾಳ್ಮೆಯ ಬಗ್ಗೆ ನಾವು ಆಡಿದ್ದು ಮಾತ್ರ ತಪ್ಪು. ಮೈಲೇಜಿನ ಬಗ್ಗೆ ಹೇಳುವುದೇ ಬೇಡ.

ಗ್ಯಾರೇಜಿನ ಹಿಂದೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಹುಡುಗರು ಚಹಾ ಕುಡಿಯುವ ಜಾಗದಲ್ಲಿ ಉಸ್ತಾದ್ ಕುಳಿತರು. "ತಪ್ಪು ನಂದೇ. ಸೀಮೆಸುಣ್ಣ ಕಿಸೆಯಲ್ಲೇ ಉಂಟು. ಐದು ನಿಮಿಷದ ಕೆಲಸ. ನೀವು ಅವಸರ ಮಾಡಿದ್ರಿ ಅಂತ ನಾನು ಮಾಡದೆ ಬಿಡುದಾ?" ಎಂದರು. ಸಿಟ್ಟಿನಲ್ಲಿ ಬಂದ ನಮಗೆ ಆ ಮಾತಿಗೆ ಏನು ಹೇಳಬೇಕೋ ತೋಚಲಿಲ್ಲ. ಒಂದು ದಿನ ಕೊಡಿ ಎಂದು ಅವರು ಕೇಳಿದ್ದು, ನಾವು ಟ್ಯಾಕ್ಸಿ ಬಾಡಿಗೆಯ ಲೆಕ್ಕ ಒಪ್ಪಿಸಿದ್ದು ಎರಡೂ ಚೆನ್ನಾಗಿ ನೆನಪಿತ್ತು. "ಅವಸರ ನಮ್ಮದು ಉಸ್ತಾದ್" ಎಂದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮುಂದೇನು ಎಂಬುದಕ್ಕೆ ಎರಡು ದಾರಿ. ಮುಂದಿನದನ್ನೂ 4.11 ಮಾಡುವುದು, ಇಲ್ಲವೇ ಹಿಂದಿನದನ್ನು 3.70ಕ್ಕೆ ತರುವುದು. ಎರಡೂ ಒಂದೇ ಆಗಿದ್ದರೆ ಸಾಕು, ಯಾವುದಾದರೂ ಸರಿ. 4.11 ಆದರೆ ಮರಳಿನಲ್ಲಿ, ಏರಿನಲ್ಲಿ ಎಳೆತ ಹೆಚ್ಚು; ದೊಡ್ಡ ಟಯರ್ ಹಾಕುವವರಿಗೆ ಅದೇ ಒಳ್ಳೆಯದು. ಆದರೆ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ನೂರಕ್ಕೆ ಹನ್ನೊಂದು ಸುತ್ತು ಹೆಚ್ಚು ತಿರುಗಬೇಕು. ನಮ್ಮದು ಮೂಲ ಅಳತೆಯ ಟಯರು. ಗಾಡಿ ಹೆಚ್ಚಾಗಿ ಓಡುವುದು ಹೆದ್ದಾರಿಯಲ್ಲಿ, ಶಾಲೆಗೆ, ತರಕಾರಿ ಮಾರುಕಟ್ಟೆಗೆ. 4.11 ಇಲ್ಲದೆ ಗಾಡಿಯೇ ಅಲ್ಲ ಎನ್ನುವವರೂ ಇದ್ದಾರೆ. ಅವರ ಗಾಡಿಗಳನ್ನು ನಾವು ನೋಡಿರುವುದು ಬಹುಮಟ್ಟಿಗೆ ಪಾರ್ಕಿಂಗ್ ಜಾಗದಲ್ಲಿ. ನಮಗೆ 3.70 ಸಾಕು. ಆದರೆ ಮತ್ತೆ ಗುಜರಿ, ಮತ್ತೆ ಹುಡುಕಾಟ, ಮತ್ತೆ ದುಡ್ಡು.

ಆಗ ಉಸ್ತಾದ್ ಎದ್ದು ನಿಂತು ತಾವು ಕುಳಿತಿದ್ದುದರ ಕಡೆ ತಿರುಗಿ ನೋಡಿದರು. ನೋಡಿ ನಕ್ಕುಬಿಟ್ಟರು. ಅದು ನಮ್ಮ ಹಳೆಯ ಆಕ್ಸಲ್! ಎರಡು ತುದಿಗೂ ಸಿಮೆಂಟಿನ ಇಟ್ಟಿಗೆ ಕೊಟ್ಟು, ಮೇಲೆ ಹಲಗೆ ಹಾಸಿ ಹುಡುಗರು ಬೆಂಚು ಮಾಡಿಕೊಂಡಿದ್ದರು. ಹಾಳಾಗಿದ್ದದ್ದು ಹೌಸಿಂಗಿನ ತುದಿ. ಹೊಟ್ಟೆಯೊಳಗಿನ ಕ್ರೌನ್ ಪಿನಿಯನ್‌ಗೆ ಏನೂ ಆಗಿರಲಿಲ್ಲ. ಈ ಗಾಡಿಯಲ್ಲಿ ಡಿಫರೆನ್ಷಿಯಲ್ ಇಡೀ ಒಂದು ಗುಂಡಾಗಿ ಹೊರಗೆ ಬರುತ್ತದೆ. ಅದನ್ನು ತೆಗೆದು ಹೊಸ ಹೌಸಿಂಗಿಗೆ ಕೂರಿಸಿದರೆ ಆಯಿತು.

ಈ ಸಲ ಗಾಡಿ ಎರಡು ದಿನ ಅಲ್ಲೇ ಉಳಿಯಿತು, ನಾವು ಬಾಯಿ ಬಿಡಲಿಲ್ಲ. 4.11ರ ಎಣ್ಣೆ ಇಳಿಸಿದಾಗ ಬೆಳ್ಳಿ ಪುಡಿ ಕಲಸಿದಂತೆ ಹೊಳೆಯುತ್ತಿತ್ತು. ಪಿನಿಯನ್ನಿನ ಒಂದು ಹಲ್ಲು ಮುರಿದಿತ್ತು. ಇನ್ನೆರಡು ಕಿಲೋಮೀಟರ್ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾವೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಳೆಯ ಡಿಫರೆನ್ಷಿಯಲನ್ನು ಡೀಸೆಲಿನಲ್ಲಿ ತೊಳೆದು, ಹಲ್ಲು ಹಲ್ಲನ್ನೂ ಟಾರ್ಚ್ ಹಿಡಿದು ನೋಡಿ, ಹೊಸ ಸೀಲು, ಹೊಸ ಗ್ಯಾಸ್ಕೆಟ್, ಹೊಸ ಎಣ್ಣೆ ಹಾಕಿದರು. ಕೂರಿಸಿದ ಮೇಲೆ ಮಕ್ಕಳನ್ನು ಕರೆಸಿ ಎಣಿಸಿದರು. ಮೂವತ್ತೇಳು, ಮೂವತ್ತೇಳು. ಹೌಸಿಂಗಿನ ಮೇಲೆ ಬಿಳಿ ಬಣ್ಣದಲ್ಲಿ 3.70 ಎಂದು ದೊಡ್ಡದಾಗಿ ಬರೆದರು. ಈಗ ಅವರ ಗ್ಯಾರೇಜಿನಲ್ಲಿ ಯಾವ ಆಕ್ಸಲ್ ಬಂದರೂ ಮೊದಲು ಸೀಮೆಸುಣ್ಣ, ಆಮೇಲೆ ಸ್ಪ್ಯಾನರ್.

ಮಜೂರಿ ತೆಗೆದುಕೊಳ್ಳಲು ಸುತಾರಾಂ ಒಪ್ಪಲಿಲ್ಲ. ನಾವೂ ಬಿಡಲಿಲ್ಲ. ಕೊನೆಗೆ ಎಣ್ಣೆ, ಸೀಲು, ಗ್ಯಾಸ್ಕೆಟ್ಟಿನ ದುಡ್ಡು ನಮ್ಮದು, ಕೂಲಿ ಅವರದು ಎಂದಾಯಿತು. "ಟೀಚರೇ, ಇದನ್ನು ಮಕ್ಕಳಿಗೆ ತೋರಿಸಿ" ಎಂದು ಮುರಿದ ಹಲ್ಲಿನ ಪಿನಿಯನನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು.

ಮುಂದಿನ ತಿಂಗಳ ಲೆಕ್ಕದಲ್ಲಿ ಮೈಲೇಜ್ ಮೊದಲಿದ್ದಲ್ಲಿಗೇ ಇಳಿಯಿತು. ಪಕ್ಕದ ಮನೆಯವರು ಎರಡು ಸಲ ಕೇಳಿದರು; ಎರಡನೆಯ ಸಲ ನಿಜ ಹೇಳಿದೆವು.

2023ರ ಫೆಬ್ರವರಿಯಲ್ಲಿ ಮತ್ತೆ ಶರಫತ್ ಅಲ್ ಅಲಮೈನ್‌ಗೆ ಹೋದೆವು. ಹೋಗಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದ್ದೆವು. ಹಬ್ ಲಾಕ್ ಮಾಡಿ, ಲೋ ಹಾಕಿ, ಇಳಿಯತೊಡಗಿದೆವು. ಆ ತಿರುವಿಗೆ ಬಂದಾಗ ಯಾರೂ ಮಾತಾಡಲಿಲ್ಲ. ಗಾಡಿ ಸುಮ್ಮನೆ ತಿರುಗಿತು. ಮಗಳು ನಿಲ್ಲಿಸಿ ಎಂದಳು. ಇಳಿದು ಹಿಂದಕ್ಕೆ ಓಡಿ, ಬಗ್ಗಿ, ಮಣ್ಣಿನ ಮೇಲಿನ ಗುರುತುಗಳನ್ನು ನೋಡಿದಳು. ಎರಡೂ ಅಚ್ಚು, ಗೀಚಿಲ್ಲ ಎಂದು ಅಲ್ಲಿಂದಲೇ ಕೂಗಿದಳು. ಹಾತ್ ದಾಟಿ ಬಿಲಾದ್ ಸೈತ್‌ನ ಖರ್ಜೂರದ ತೋಟ ಕಾಣುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಕಾಫಿ ಕೊಟ್ಟ ಹಿರಿಯರನ್ನು ಹುಡುಕಿ ಒಂದು ಡಬ್ಬಿ ಮೈಸೂರು ಪಾಕು ಕೊಡಬೇಕೆಂದು ತಂದಿದ್ದೆವು. ಹೆಸರು ಗೊತ್ತಿಲ್ಲ, ಬಿಳಿ ಪಿಕಪ್ ಎಂದೆವು. ಅಲ್ಲಿ ಎಲ್ಲರದೂ ಬಿಳಿ ಪಿಕಪ್ಪೇ. ಡಬ್ಬಿಯನ್ನು ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರ ಕೈಗೆ ಕೊಟ್ಟು ಬಂದೆವು.